ನಿಮಗಿದು ಗೊತ್ತೇ? ಅಣುವಿಗೂ ಉಂಟು ಆರ್‌ಎನ್‌ಎ ಮುಸುಕು

ಗಾಯದ ಮುಲಾಮುಗಳಲ್ಲಿ ಬಳಸುವ ನಿಯೋಮೈಸಿನ್ ಮಣ್ಣಿನ ಸೂಕ್ಷ್ಮಜೀವಿಯೊಂದು ತಯಾರಿಸುವ ಆಂಟಿಬಯೋಟಿಕ್. 1949ರಲ್ಲಿ ಅಮೆರಿಕದ ಸೆಲ್ಮನ್ ವ್ಯಾಕ್ಸ್‌ಮನ್ ಮತ್ತು ಹ್ಯೂಬರ್ಟ್ ಲೆಶೆವಲಿಯರ್ ಅದನ್ನು ಪತ್ತೆಮಾಡಿದರು.

ಅದರ ಒಂದೊಂದು ಅಣುವಿನಲ್ಲೂ ಆರು ಅಮೈನೊ ಗುಂಪುಗಳಿವೆ, ಸ್ವಭಾವದಲ್ಲಿ ಹೆಚ್ಚುಕಮ್ಮಿ ಒಂದೇ ತರ. ಒಂದನ್ನು ಮಾತ್ರ ಬದಲಿಸಬೇಕೆಂದರೆ? ಬಾಟಿಕ್ ಬಟ್ಟೆಗೆ ಬಣ್ಣ ಹತ್ತಬಾರದ ಕಡೆ ಮೇಣ ಬಳಿಯುವಂತೆ, ರಸಾಯನಶಾಸ್ತ್ರಜ್ಞರು ಉಳಿದವನ್ನು ಬೇರೆ ಪರಮಾಣುಗಳಿಂದ ಮುಚ್ಚುತ್ತಾರೆ. ಮುಚ್ಚಲು ಒಂದು ಹಂತ, ಬಿಚ್ಚಲು ಇನ್ನೊಂದು.

ಹಂತ ಹೆಚ್ಚಿದಷ್ಟೂ ನಷ್ಟ. ಪ್ರತಿ ಹಂತದಲ್ಲೂ ಶೇ. 90ರಷ್ಟು ಕೈಗೆ ಸಿಕ್ಕರೂ, 20 ಹಂತ ದಾಟುವಷ್ಟರಲ್ಲಿ ಉಳಿಯುವುದು ಬರೀ ಶೇ. 12.

ಇದಕ್ಕೊಂದು ದಾರಿ ಬೇರೆ ಕಡೆಯಿಂದ ಬಂತು. 1990ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿಯೇ ಒಂದು ಉಪಾಯ ಕಂಡುಕೊಂಡವು: ಲಕ್ಷ ಕೋಟಿಗಟ್ಟಲೆ ಆರ್‌ಎನ್‌ಎ ಎಳೆಗಳಲ್ಲಿ, ಬೇಕಾದ ಅಣುವಿಗೆ ಅಂಟುವ ಎಳೆಗಳನ್ನಷ್ಟೇ ಸೋಸಿ ಸೋಸಿ ತೆಗೆಯುವುದು. ಇವೇ ಆಪ್ಟಮರ್‌ಗಳು. ಇವುಗಳ ಸೂಕ್ಷ್ಮತೆ ಬೆರಗು ಹುಟ್ಟಿಸುತ್ತದೆ. ಆಸ್ತಮಾ ಔಷಧ ಥಿಯೋಫಿಲಿನ್‌ಗೂ ಕಾಫಿಯ ಕೆಫೀನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಆದರೂ 1994ರಲ್ಲಿ ವರದಿಯಾದ ಆಪ್ಟಮರ್ ಒಂದು ಕೆಫೀನ್‌ಗಿಂತ ಥಿಯೋಫಿಲಿನ್ ಅನ್ನು 10,000 ಪಟ್ಟು ಬಿಗಿಯಾಗಿ ಹಿಡಿಯುತ್ತದೆ!

ಇಂಥ ಆಪ್ಟಮರ್ ಒಂದನ್ನೇ ಅಣುವಿಗೆ ಮುಸುಕಾಗಿ ಹೊದಿಸಿದರೆ? 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೊನಿಂಗನ್‌ನಲ್ಲಿ ಆಂದ್ರಿಯಾಸ್ ಹೆರ್ಮನ್ ತಂಡ ಮಾಡಿದ್ದು ಇದನ್ನೇ. ನಿಯೋಮೈಸಿನ್‌ಗೂ ಆರ್‌ಎನ್‌ಎಗೂ ಮೊದಲಿನಿಂದಲೇ ನಂಟು. ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿರುವ ಆರ್‌ಎನ್‌ಎಯನ್ನು ಹಿಡಿದೇ ಅದು ಕೆಲಸ ಮಾಡುವುದು. ತಂಡ ಬಳಸಿದ ಎಳೆ ಅಣುವಿನ ಹಲವು ಗುಂಪುಗಳನ್ನು ಒಟ್ಟಿಗೇ ಮರೆಮಾಡಿತು. ಹೊರಗುಳಿದ ಜಾಗದಲ್ಲಷ್ಟೇ ರಾಸಾಯನಿಕ ಕ್ರಿಯೆ ನಡೆಯಿತು. ಗಟ್ಟಿ ಬಂಧ ಬೆಸೆಯುವ ಗೋಜಿಲ್ಲ, ಆದ್ದರಿಂದ ಆಮೇಲೆ ಕಡಿಯುವ ಕೆಲಸವೂ ಇಲ್ಲ. ಒಂದೇ ಹಂತದಲ್ಲಿ ಶೇ. 99ಕ್ಕೂ ಹೆಚ್ಚು ನಿಖರತೆ; ಶೇ. 83ರವರೆಗೆ ಪರಿವರ್ತನೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಇದೂ ಒಂದು.

ತೊಡಕೂ ಇದೆ. ಮುಚ್ಚಬೇಕಾದ ಒಂದೊಂದು ಅಣುವಿಗೂ ಒಂದೊಂದು ಎಳೆ ಬೇಕು, ಆರ್‌ಎನ್‌ಎ ದುಬಾರಿ. ಅದು ನೆಮ್ಮದಿಯಾಗಿರುವುದು ನೀರಿನಲ್ಲಿ. ಔಷಧ ತಯಾರಿಕೆಯ ಎಷ್ಟೋ ಕ್ರಿಯೆಗಳಿಗೆ ಬೇರೆ ದ್ರಾವಕಗಳೇ ಬೇಕು.

ಇಷ್ಟಕ್ಕೂ ನಿಯೋಮೈಸಿನ್ ಅನ್ನು ಬದಲಿಸುವುದೇಕೆ? ಅದು ರಕ್ತಕ್ಕೆ ಸೇರಿದರೆ ಮೂತ್ರಪಿಂಡಕ್ಕೂ ಕಿವಿಗೂ ಹಾನಿ. ಜೊತೆಗೆ, ಜಗ್ಗದ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವಗಳಿಂದ ಅದೇ ಅಮೈನೊ ಗುಂಪುಗಳಿಗೆ ಅಸಿಟೈಲ್ ಅಂಟಿಸಿ ಔಷಧವನ್ನು ನಿಷ್ಕ್ರಿಯಗೊಳಿಸುತ್ತವೆ. ಯಾವ ಗುಂಪನ್ನು ಬದಲಿಸಿದರೆ ಆ ಕಿಣ್ವಗಳಿಂದ ತಪ್ಪಿಸಿಕೊಳ್ಳಬಹುದು ಎಂದು ಅರಿಯಲು ಒಂದೊಂದನ್ನೇ ಬದಲಿಸಿ ನೋಡಬೇಕು.