ಮನೆಗಾವಲಿನ ಕ್ಯಾಮೆರಾವೂ ಅದರ ಜಾಲವೂ: ದಾಖಲೆಯ ದೃಷ್ಟಿಯಿಂದ ಒಂದು ವಿಚಾರ

ಇಂದು ಬೆಳಗಾವಿ ನಗರದ ಒಂದು ಭಾಗವಾಗಿರುವ ಶಹಾಪುರವು 1948ರ ವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ ಪೇಟೆಯಾಗಿತ್ತು. ನೇಕಾರರು, ಸರಾಫರು, ವ್ಯಾಪಾರಿಗಳು ನೆಲೆಸಿದ ಇಂತಹ ಊರಿಗೆ ಕಾವಲಿನ ಚಿಂತೆ ಹೊಸದಲ್ಲ. ತಳಾರ, ತಳವಾರ ಎಂಬ ಹೆಸರುಗಳು ನಮ್ಮ ಶಾಸನಗಳಲ್ಲಿಯೇ ದೊರೆಯುತ್ತವೆ. ಈ ಪ್ರಾಂತದ ಹಳ್ಳಿಗಳಲ್ಲಿ ಜಮೀನನ್ನು ಉಂಬಳಿಯಾಗಿ ಪಡೆದು ಕಾವಲಿನ ಸೇವೆ ಸಲ್ಲಿಸುತ್ತಿದ್ದವರಿಗೆ ಶೇತಸನದಿಗಳೆಂದು ಹೆಸರು. 1831ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನೂ ಶೇತಸನದಿಯೇ ಆಗಿದ್ದನೆಂಬುದು ವಾಚಕರಿಗೆ ತಿಳಿದುದೇ ಆಗಿದೆ. ಈಗ ಶಹಾಪುರದ ಓಣಿಗಳಲ್ಲಿ ಅಂಗಡಿ, ಮಗ್ಗದ ಮನೆ, ವಾಸದ ಮನೆಗಳ ಬಾಗಿಲ ಮೇಲೆ ಕ್ಯಾಮೆರಾಗಳು ಕಾಣಬರುತ್ತವೆ. ಇವನ್ನು ಜಾಲಕ್ಕೆ ಜೋಡಿಸುವ ಬಗೆ ಯಾವುದು, ಕೆಟ್ಟಾಗ ದೋಷವನ್ನು ಕಂಡುಹಿಡಿಯುವ ಕ್ರಮ ಯಾವುದು ಎಂಬುದನ್ನು ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ತಳವಾರನು ಕಳ್ಳನನ್ನು ಕಂಡರೆ ಕೂಗುತ್ತಿದ್ದನು, ಬೆನ್ನಟ್ಟುತ್ತಿದ್ದನು, ಮರುದಿನ ಚಾವಡಿಯಲ್ಲಿ ನಿಂತು ಸಾಕ್ಷಿ ಹೇಳುತ್ತಿದ್ದನು. ಕ್ಯಾಮೆರಾದಿಂದ ಮೊದಲನೆಯ ಎರಡು ಕೆಲಸಗಳನ್ನು ನಾವು ಹೆಚ್ಚಾಗಿ ನಿರೀಕ್ಷಿಸಲಾಗದು. ಅದರ ಮುಖ್ಯ ಪ್ರಯೋಜನ ಮೂರನೆಯದರಲ್ಲಿದೆ. ಅದು ದಫ್ತರವಿಡುವ ಯಂತ್ರ. ಆದುದರಿಂದ ಯಾವುದೇ ದಾಖಲೆಗೆ ನಾವು ಹಾಕುವ ಪ್ರಶ್ನೆಗಳನ್ನೇ ಇದಕ್ಕೂ ಹಾಕತಕ್ಕದ್ದು: ಇದು ಏನನ್ನು ಕಂಡಿತು? ಯಾವಾಗ ಕಂಡಿತು? ಯಾರ ಕೈಯಲ್ಲಿತ್ತು? ಎಷ್ಟು ಕಾಲ ಉಳಿಯಿತು? ಈ ನಾಲ್ಕಕ್ಕೂ ಉತ್ತರವಿಲ್ಲದ ಕ್ಯಾಮೆರಾ, ತಿಥಿಯಳಿದ ಶಾಸನದಂತೆ, ಬೇಕಾದ ದಿನ ಉಪಯೋಗಕ್ಕೆ ಬಾರದೆ ಹೋದೀತು.

ಈ ಯಂತ್ರದ ಇತಿಹಾಸ ದೀರ್ಘವಾದುದಲ್ಲ. 1966ರಲ್ಲಿ ನ್ಯೂಯಾರ್ಕಿನ ದಾದಿ ಮೇರಿ ವಾನ್ ಬ್ರಿಟನ್ ಬ್ರೌನ್ ತಮ್ಮ ಪತಿಯೊಡನೆ ಮನೆಬಾಗಿಲಿಗೆ ಕ್ಯಾಮೆರಾವನ್ನೂ ಒಳಗೆ ಟೆಲಿವಿಷನ್ ಪರದೆಯನ್ನೂ ಜೋಡಿಸುವ ಏರ್ಪಾಡಿಗೆ ಪೇಟೆಂಟ್ ಕೋರಿದರು. ಅದು 1969ರಲ್ಲಿ ದೊರೆಯಿತು. ಆ ಕಾಲದ ಏರ್ಪಾಡುಗಳಲ್ಲಿ ಕ್ಯಾಮೆರಾಕ್ಕೂ ಪರದೆಗೂ ನೇರ ಸಂಬಂಧವಿತ್ತು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಸಂಸ್ಥೆಯು ಜಾಲಕ್ಕೆ ನೇರವಾಗಿ ಸೇರುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ ಮೇಲೆ ಕ್ಯಾಮೆರಾ ಎಂಬುದು ಸ್ವಂತ ವಿಳಾಸವುಳ್ಳ ಚಿಕ್ಕ ಕಂಪ್ಯೂಟರೇ ಆಯಿತು. ಅದರ ಗುಣಗಳೂ ದೋಷಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಮನೆಯ ಜಾಲದ ನಡುವೆ ರೂಟರ್ ಎಂಬ ಪೆಟ್ಟಿಗೆಯಿರುತ್ತದೆ. ಕ್ಯಾಮೆರಾಗಳು, ಚಿತ್ರಗಳನ್ನು ಕೂಡಿಡುವ ರೆಕಾರ್ಡರ್, ನೋಡುವ ಫೋನು ಇವೆಲ್ಲ ಅದಕ್ಕೆ ಸೇರಿ ಒಂದಕ್ಕೊಂದು ಮಾತಾಡುತ್ತವೆ. ಸೇರುವ ದಾರಿಗಳು ಎರಡು: ತಂತಿ ಮತ್ತು ವೈಫೈ. ಹಳೆಯ ಓಣಿಗಳ ಮನೆಗಳು ಕಿರಿದಾದ ಮುಖವುಳ್ಳವು, ಹಿಂದಕ್ಕೆ ಉದ್ದವಾದವು. ಕಟ್ಟೆ, ಪಡಸಾಲೆ, ನಡುಮನೆ, ಹಿತ್ತಲುಗಳ ನಡುವೆ ಕಲ್ಲು ಮಣ್ಣಿನ ದಪ್ಪ ಗೋಡೆಗಳಿದ್ದರೆ ವೈಫೈ ಸಂಕೇತವು ಒಂದೊಂದು ಗೋಡೆಯನ್ನು ದಾಟುವಾಗಲೂ ಕ್ಷೀಣಿಸುತ್ತದೆ. ಇಂತಹ ಮನೆಗೆ ತಂತಿಯೇ ಮೇಲು. ಒಂದೇ ಕೇಬಲಿನಲ್ಲಿ ಚಿತ್ರವನ್ನೂ ವಿದ್ಯುತ್ತನ್ನೂ ಸಾಗಿಸುವ ಪದ್ಧತಿಯು 2003ರಿಂದ ಪ್ರಮಾಣೀಕೃತವಾಗಿದ್ದು, ಅದರ ಓಟಕ್ಕೆ 100 ಮೀಟರಿನ ಮಿತಿಯಿದೆ. ವಾಸದ ಮನೆಗೆ ಇಷ್ಟು ಧಾರಾಳವಾಗಿ ಸಾಕು. ವೈಫೈಯನ್ನೇ ಬಳಸುವುದಾದರೆ, ಅನೇಕ ಕ್ಯಾಮೆರಾಗಳು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಗ್ರಹಿಸುತ್ತವೆಂಬುದನ್ನು ನೆನಪಿಡಬೇಕು. ಹೊಸ ಕ್ಯಾಮೆರಾಕ್ಕೆ ಜಾಲವೇ ಕಾಣಿಸದಿರುವುದಕ್ಕೆ, ಜೋಡಿಸುವಾಗ ಫೋನು 5 ಗಿಗಾಹರ್ಟ್ಸ್‌ನಲ್ಲಿರುವುದು ಒಂದು ಸಾಮಾನ್ಯ ಕಾರಣ.

ಜಾಲದೊಳಗೆ ಪ್ರತಿಯೊಂದು ಯಂತ್ರಕ್ಕೂ 192.168.1.20 ಎಂಬಂತಹ ಐಪಿ ವಿಳಾಸವಿರುತ್ತದೆ. ರೂಟರ್ ಇದನ್ನು ತಾನಾಗಿ ಹಂಚುತ್ತದೆ. ಆದರೆ ವಿದ್ಯುತ್ ಹೋಗಿ ಬಂದಾಗ ಬೇರೆ ವಿಳಾಸವನ್ನು ಕೊಡಲೂಬಹುದು. ಆಗ ರೆಕಾರ್ಡರ್ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ, ಕ್ಯಾಮೆರಾ ಬೇರೆಡೆ ಇರುತ್ತದೆ. ಆದುದರಿಂದ ರೂಟರಿನಲ್ಲಿ ಒಂದೊಂದು ಕ್ಯಾಮೆರಾಕ್ಕೂ ವಿಳಾಸವನ್ನು ಕಾಯ್ದಿರಿಸಿ, ಆ ಪಟ್ಟಿಯನ್ನು ಕಾಗದದ ಮೇಲೆ ಬರೆದಿಡುವುದು ಲೇಸು.

ಚಿತ್ರ ಬಾರದೆ ಹೋದಾಗ ಒಮ್ಮೆಲೇ ಎಲ್ಲವನ್ನೂ ಬದಲಾಯಿಸಹೋಗದೆ ಮೂಲದಿಂದ ಕ್ರಮವಾಗಿ ಬರಬೇಕು. ಮೊದಲು ವಿದ್ಯುತ್ತು: ಕ್ಯಾಮೆರಾದ ದೀಪ ಉರಿಯುತ್ತಿದೆಯೇ? ಎರಡನೆಯದು ತಂತಿ: ಸರಿಯಿರುವ ಬೇರೊಂದು ಕೇಬಲನ್ನು ಹಾಕಿ ನೋಡಬೇಕು. ಮೂರನೆಯದು ವಿಳಾಸ: ರೂಟರಿನ ಪಟ್ಟಿಯಲ್ಲಿ ಕ್ಯಾಮೆರಾ ಕಾಣುತ್ತಿದೆಯೇ, ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದಿದೆಯೇ? ನಾಲ್ಕನೆಯದು ಪಾಸ್‌ವರ್ಡು. ಕಡೆಯದು ಹೊರಗಿನ ಅಂತರಜಾಲ. ಊರಲ್ಲಿ ಅಂತರಜಾಲ ನಿಂತರೆ ದೂರದಲ್ಲಿರುವ ಫೋನಿಗೆ ಚಿತ್ರ ಬಾರದು. ಆದರೆ ಮನೆಯೊಳಗಿನ ರೆಕಾರ್ಡರ್ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಈ ಎರಡನ್ನು ಒಂದೆಂದು ಭಾವಿಸಿ ಸರಿಯಿರುವ ಕ್ಯಾಮೆರಾವನ್ನು ಬಿಚ್ಚಿಸುವುದು ವ್ಯರ್ಥ ವೆಚ್ಚ.

ಹಗಲೆಲ್ಲ ಸರಿಯಿದ್ದು ರಾತ್ರಿ ಮಾತ್ರ ಮತ್ತೆ ಮತ್ತೆ ಆರಿಹೋಗುವ ದೋಷವೊಂದುಂಟು. ಕತ್ತಲಾದೊಡನೆ ಕ್ಯಾಮೆರಾದ ಅತಿರಕ್ತ ದೀಪಗಳು ಹೊತ್ತಿಕೊಂಡು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತವೆ. 12 ವೋಲ್ಟಿನ ಅಡಾಪ್ಟರಿನಿಂದ ತೆಳುವಾದ ತಂತಿಯನ್ನು ದೂರಕ್ಕೆ ಎಳೆದಿದ್ದರೆ ವೋಲ್ಟೇಜು ದಾರಿಯಲ್ಲಿಯೇ ಕುಸಿಯುತ್ತದೆ. ದಪ್ಪ ತಂತಿ ಹಾಕುವುದು ಅಥವಾ ಅಡಾಪ್ಟರನ್ನು ಹತ್ತಿರಕ್ಕೆ ತರುವುದು ಇದಕ್ಕೆ ಪರಿಹಾರ. ಬೆಳಗಾವಿಯ ದೀರ್ಘವಾದ ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಕೇಬಲು ಗೋಡೆಯನ್ನು ಹೊಗುವ ಮುನ್ನ ಸ್ವಲ್ಪ ಕೆಳಕ್ಕೆ ಜೋತುಬಿದ್ದಿರಬೇಕು. ಹಾಗಿದ್ದರೆ ನೀರು ಆ ತಗ್ಗಿನಿಂದ ತೊಟ್ಟಿಕ್ಕುತ್ತದೆ, ಜೋಡಣೆಯೊಳಕ್ಕೆ ಇಳಿಯುವುದಿಲ್ಲ.

ಇನ್ನು ಮೊದಲು ಎತ್ತಿದ ನಾಲ್ಕು ಪ್ರಶ್ನೆಗಳಿಗೆ ಬರೋಣ. ಏನನ್ನು ಕಂಡಿತು ಎಂಬುದು ಕ್ಯಾಮೆರಾವನ್ನು ಕೂಡಿಸುವ ಎತ್ತರಕ್ಕೆ ಸಂಬಂಧಿಸಿದುದು. ಬಹು ಎತ್ತರದಲ್ಲಿಟ್ಟರೆ ತಲೆಗಳು ಕಾಣುತ್ತವೆ, ಮುಖಗಳು ಕಾಣುವುದಿಲ್ಲ. ಮಗ್ಗುಲ ಗೋಡೆಗೆ ತೀರ ಹತ್ತಿರವಿಟ್ಟರೆ ರಾತ್ರಿ ಅತಿರಕ್ತ ಬೆಳಕು ಅಲ್ಲಿಂದಲೇ ಹಿಮ್ಮರಳಿ ಓಣಿಯೆಲ್ಲ ಕಪ್ಪಾಗಿ ತೋರುತ್ತದೆ. ಜೇಡರಬಲೆಯೊಂದು ಅಡ್ಡಬಂದರೂ ಇದೇ ಗತಿ.

ಯಾವಾಗ ಕಂಡಿತು ಎಂಬುದು ಗಡಿಯಾರದ ಪ್ರಶ್ನೆ. ನಮ್ಮ ದೇಶದ ಕಾಲವು ಅಂತರರಾಷ್ಟ್ರೀಯ ಮೂಲಕಾಲಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಕಾಲವಲಯವನ್ನು ತಿದ್ದದೆ ಮೂಲಕಾಲದಲ್ಲಿಯೇ ಬಿಟ್ಟರೆ, ಮಂಗಳವಾರ ನಸುಕಿನ 2 ಗಂಟೆಗೆ ನಡೆದ ಕಳವು ಸೋಮವಾರ ರಾತ್ರಿ 8-30ಕ್ಕೆ ನಡೆದಂತೆ ದಾಖಲಾಗುತ್ತದೆ. ಓಣಿಯಲ್ಲಿ ಜನಸಂಚಾರವಿರುವ ಆ ಹೊತ್ತಿನ ಚಿತ್ರವನ್ನು ಎದುರುಪಕ್ಷದವರು ಸುಲಭವಾಗಿ ಅಲ್ಲಗಳೆದಾರು. ಅದಕ್ಕಿಂತ ಮಿಗಿಲಾಗಿ, ಆ ರಾತ್ರಿ ಆ ದಾರಿಯಲ್ಲಿ ನಡೆದುಹೋದ ನಿರಪರಾಧಿಯೊಬ್ಬನ ಮೇಲೆ ಸಂಶಯ ಬಿದ್ದೀತು. ಆದುದರಿಂದ ಗಡಿಯಾರವು ಜಾಲದ ಮೂಲಕ ತಾನಾಗಿ ಸರಿಪಡಿಸಿಕೊಳ್ಳುವಂತೆ ಗೊತ್ತುಪಡಿಸಿ, ತಿಂಗಳಿಗೊಮ್ಮೆ ಕೈಗಡಿಯಾರದೊಡನೆ ತಾಳೆ ನೋಡುವುದು ಅವಶ್ಯಕ.

ಯಾರ ಕೈಯಲ್ಲಿತ್ತು ಎಂಬುದು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಅಸಂಖ್ಯ ಕ್ಯಾಮೆರಾಗಳನ್ನೂ ರೆಕಾರ್ಡರುಗಳನ್ನೂ ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವುಗಳ ಮೂಲಕ ನಡೆದ ದಾಳಿಯಿಂದ ಅಮೆರಿಕದ ಪ್ರಸಿದ್ಧ ಜಾಲತಾಣಗಳು ಕೆಲಕಾಲ ಸ್ತಬ್ಧವಾದುವು. ಕಾವಲಿಗಿಟ್ಟ ಕಣ್ಣು ಕಳ್ಳನ ಕಣ್ಣಾಗಬಾರದೆಂದರೆ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಬೇಕು, ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು, ರೂಟರಿನಲ್ಲಿ ಹೊರಗಿನವರಿಗೆ ನೇರ ಬಾಗಿಲು ತೆರೆದಿಡಬಾರದು. ಜೋಡಿಸಿಕೊಟ್ಟವನ ಬಳಿಯಲ್ಲಿಯೇ ಪಾಸ್‌ವರ್ಡು ಉಳಿಯುವುದೆಂದರೆ ಮನೆಯ ಬೀಗದ ಕೈಯನ್ನು ಬಡಗಿಯ ಬಳಿ ಬಿಟ್ಟಂತೆಯೇ ಸರಿ.

ಎಷ್ಟು ಕಾಲ ಉಳಿಯಿತು ಎಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತದೆಂದಿಟ್ಟುಕೊಂಡರೆ ದಿನಕ್ಕೆ 21.6 ಗಿಗಾಬೈಟ್ ಆಗುತ್ತದೆ. 4 ಕ್ಯಾಮೆರಾಗಳಿಗೆ 30 ದಿನಕ್ಕೆ ಸುಮಾರು 2.6 ಟೆರಾಬೈಟ್. ಜನ ಹೆಚ್ಚಾಗಿ ಸೇರುವ ಸಾರ್ವಜನಿಕ ಸ್ಥಳಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಶಾಸನವು ವಿಧಿಸಿರುವ ಅವಧಿಯೂ 30 ದಿನವೇ. ಮನೆಗಳಿಗೆ ಈ ಕಟ್ಟಳೆಯಿಲ್ಲವಾದರೂ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಡಿಸ್ಕು ತುಂಬಿದಾಗ ಹಳೆಯದು ಅಳಿದು ಹೊಸದು ಕೂರುತ್ತದೆ. ಆದಕಾರಣ ಘಟನೆಯಾದ ಕೂಡಲೇ ಆ ಭಾಗವನ್ನು ಬೇರೆ ತೆಗೆದಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಮೇರೆಗೆ ಇಂತಹ ದಾಖಲೆಯೊಡನೆ ಪ್ರಮಾಣಪತ್ರವಿರಬೇಕು, ಅದರಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದಿಂದ ಗಣಿಸಿದ ಒಂದು ಮುದ್ರೆ. ಕಡತದಲ್ಲಿ ಒಂದಂಶ ಬದಲಾದರೂ ಮುದ್ರೆ ಬೇರೆಯಾಗುತ್ತದೆ. ತಾಮ್ರಪಟದ ಉಂಗುರಕ್ಕೆ ಒತ್ತಿದ ರಾಜಮುದ್ರೆಯನ್ನು ಬಲ್ಲವರಿಗೆ ಇದರ ತಾತ್ಪರ್ಯವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ ನೆರೆಯವರ ಮಾತು. ಎದುರುಬದುರು ಕಟ್ಟೆಗಳು ಕೆಲವೇ ಮೊಳಗಳ ಅಂತರದಲ್ಲಿರುವ ಓಣಿಯಲ್ಲಿ ನಮ್ಮ ಬಾಗಿಲನ್ನು ಕಾಯುವ ಕ್ಯಾಮೆರಾ ಎದುರು ಮನೆಯ ಪಡಸಾಲೆಯನ್ನೂ ನೋಡಿಬಿಡಬಲ್ಲದು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಸಾರಿದ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕಿನ ಪ್ರಶ್ನೆ ಅಲ್ಲಿ ಎದ್ದುದು ಸರಕಾರಕ್ಕೆ ಎದುರಾಗಿ. ಆದರೂ ಅದರ ಮರ್ಯಾದೆಯನ್ನು ನೆರೆಹೊರೆಯವರು ಪಾಲಿಸಬಾರದೆಂದಿಲ್ಲ. ಚಿತ್ರದ ಬೇಡವಾದ ಭಾಗವನ್ನು ಮರೆಮಾಡುವ ಸೌಕರ್ಯ ಬಹುತೇಕ ಕ್ಯಾಮೆರಾಗಳಲ್ಲಿದೆ. ಎದುರು ಮನೆಯವರನ್ನು ಕರೆದು, ಏನು ಕಾಣುತ್ತದೆಂದು ಪರದೆಯಲ್ಲಿ ತೋರಿಸಿ, ಅವರ ಸಮ್ಮುಖದಲ್ಲಿಯೇ ಆ ಭಾಗವನ್ನು ಮರೆಮಾಡುವುದು ಯುಕ್ತ. ತಳವಾರನನ್ನು ಊರು ನಂಬಿದ್ದರಿಂದಲೇ ಅವನ ಸಾಕ್ಷಿಗೆ ಬೆಲೆಯಿತ್ತು. ಇಂದಿನ ಕಾವಲಿನ ದಾಖಲೆಗೂ ಓಣಿಯ ನಂಬಿಕೆಯಿದ್ದರೆ ಮಾತ್ರ ಅಂತಹ ಬೆಲೆ ಬರುವುದೆಂದು ನಾವು ತಿಳಿಯುತ್ತೇವೆ.