ಕೂಗಿದರೆ ಸಾಯುವ ರಾಕ್ಷಸ!

ಒಂದು ಒಗಟು. ವಿಡಿಯೋ ಗೇಮ್ ಆಡುತ್ತಿದ್ದೀರಿ. ತೆರೆಯ ತುಂಬ ಉದ್ದ ಕಿವಿಯ ರಾಕ್ಷಸರು ಕುಪ್ಪಳಿಸುತ್ತಿದ್ದಾರೆ. ಎಲ್ಲರನ್ನೂ ಒಟ್ಟಿಗೇ ಮುಗಿಸಬೇಕು. ಹೇಗೆ? ಕತ್ತಿಯಿಂದಲೇ? ಬಾಣದಿಂದಲೇ? ಬಾಂಬಿನಿಂದಲೇ?

ಉಹೂಂ. ಗಂಟಲು ಹರಿಯುವಂತೆ ಕೂಗಬೇಕು!

ಹೌದು, ನೀವೇ! ಟಿವಿಯ ಮುಂದೆ ಕೂತು! ಅದೂ 1986ರಲ್ಲಿ! ಆಟದ ಹೆಸರು 'ದ ಲೆಜೆಂಡ್ ಆಫ್ ಜೆಲ್ಡಾ'.

ಯಂತ್ರಕ್ಕೆ ಕಿವಿ ಎಲ್ಲಿಂದ ಬಂತು? ಎರಡನೇ ಆಟಗಾರನ ಕಂಟ್ರೋಲರನ್ನು ಸರಿಯಾಗಿ ನೋಡಿ. ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳೇ ಇಲ್ಲ! ಅದರ ಬದಲು ಪುಟಾಣಿ ಮೈಕು!

ಇದು ಕ್ಯೋಟೊದ ನಿಂಟೆಂಡೊ ಕಂಪನಿಯ 'ಫ್ಯಾಮಿಲಿ ಕಂಪ್ಯೂಟರ್'. ಮುದ್ದಿನ ಹೆಸರು ಫ್ಯಾಮಿಕಾಮ್. 1983ರ ಜುಲೈ 15ರಂದು ಅಂಗಡಿಗೆ ಬಂತು. ಬಿಳಿ ಮೈ, ಕಡುಗೆಂಪು ಅಂಚು. ಬೆಲೆ 14,800 ಯೆನ್.

ಕ್ಯಾಸೆಟ್ ಹೊರದಬ್ಬಲು ಅದಕ್ಕೊಂದು ಸನ್ನೆ ಇದೆ. ಗುಟ್ಟು ಹೇಳಲೇ? ಅದು ಬೇಕೇ ಇರಲಿಲ್ಲ! ಕೈಯಿಂದ ಎಳೆದರೂ ಕ್ಯಾಸೆಟ್ ಬರುತ್ತಿತ್ತು. ಒತ್ತಿ ಆಡಲು ಮಕ್ಕಳಿಗೆ ಖುಷಿಯಾಗಲಿ ಅಂತ ಇಟ್ಟವರು ವಿನ್ಯಾಸಕಾರ ಮಸಾಯುಕಿ ಉಯೆಮುರಾ!

ಈಗ ಇನ್ನೊಂದು ಊಹೆ. ಇದರ ಕೆಲಸದ ಮೆಮೊರಿ ಎಷ್ಟಿರಬಹುದು? 2 ಜಿಬಿ? 2 ಎಂಬಿ? ಅಲ್ಲ ಸ್ವಾಮಿ, 2 ಕೆಬಿ! ನೀವು ಓದುತ್ತಿರುವ ಈ ಬರಹದ ಕಾಲುಭಾಗವೂ ಅದರಲ್ಲಿ ಹಿಡಿಸದು! ಅಷ್ಟರಲ್ಲೇ ಮಾರಿಯೋ ಓಡಿದ, ಹಾರಿದ, ರಾಜಕುಮಾರಿಯನ್ನು ಬಿಡಿಸಿಕೊಂಡ!

ಇನ್ನು ಅವತಾರಗಳು. ಎಣಿಸುತ್ತಾ ಬನ್ನಿ!

ಮೊದಮೊದಲ ಫ್ಯಾಮಿಕಾಮ್‌ಗೆ ಚೌಕದ ರಬ್ಬರ್ ಗುಂಡಿಗಳು. ಒತ್ತಿದರೆ ಸಿಕ್ಕಿಕೊಳ್ಳುತ್ತಿದ್ದವು! ಬೇಗನೇ ದುಂಡನೆಯ ಪ್ಲಾಸ್ಟಿಕ್ ಗುಂಡಿ ಬಂತು.

ಅದೇ 1983ರ ಅಕ್ಟೋಬರ್‌ನಲ್ಲಿ ಶಾರ್ಪ್ ಕಂಪನಿ ಏನು ಮಾಡಿತು ಗೊತ್ತೇ? ಫ್ಯಾಮಿಕಾಮನ್ನು ಟಿವಿಯ ಹೊಟ್ಟೆಯೊಳಗೇ ಕೂರಿಸಿತು! ವೈರು ಹುಡುಕುವ ತಾಪತ್ರಯವೇ ಇಲ್ಲ. ಕ್ಯಾಸೆಟ್ ಹಾಕಿ, ಆಡಿ!

1986ರ ಫೆಬ್ರವರಿಯಲ್ಲಿ ಡಿಸ್ಕ್ ಓದುವ ಜೋಡುಪೆಟ್ಟಿಗೆ ಬಂತು. ಜೆಲ್ಡಾ ಹುಟ್ಟಿದ್ದೇ ಆ ಡಿಸ್ಕಿನಲ್ಲಿ. ಅದೇ ವರ್ಷ ಶಾರ್ಪ್ ಎರಡನ್ನೂ ಒಂದೇ ಡಬ್ಬಿಗೆ ಸೇರಿಸಿಬಿಟ್ಟಿತು. ಹೆಸರು ಟ್ವಿನ್ ಫ್ಯಾಮಿಕಾಮ್! ಕೆಂಪು ಬೇಕೋ, ಕಪ್ಪು ಬೇಕೋ?

1989ರಲ್ಲಿ ಬಂದದ್ದು ಇನ್ನೂ ವಿಚಿತ್ರ. ಫ್ಯಾಮಿಕಾಮ್ ಟೈಟ್ಲರ್! ಬೆಲೆ 43,000 ಯೆನ್! ವಿಡಿಯೋ ಚಿತ್ರದ ಮೇಲೆ ನಿಮಗೆ ಬೇಕಾದ ಶೀರ್ಷಿಕೆ ಬರೆಯಬಹುದು. ಆಟದ ಡಬ್ಬಿಯೇ ಸ್ಟುಡಿಯೋ!

ಕೊನೆಯ ಅವತಾರ 1993ರ ಡಿಸೆಂಬರ್‌ನದು. ಬೆಲೆ ಬರೀ 6,800 ಯೆನ್. ಹತ್ತು ವರ್ಷದ ಹಿಂದಿನ ಅರ್ಧಕ್ಕಿಂತ ಕಡಿಮೆ! ಮೊದಲಿಂದ ಡಬ್ಬಿಗೆ ಅಂಟಿಕೊಂಡೇ ಇದ್ದ ಕಂಟ್ರೋಲರ್‌ಗಳನ್ನು ಈಗ ಬಿಚ್ಚಿ ತೆಗೆಯಬಹುದಿತ್ತು.

ಇದರ ತಯಾರಿಕೆ ನಿಂತದ್ದು ಯಾವಾಗ? 1995? 1998? ತಪ್ಪು! 2003! ಪೂರ್ತಿ ಇಪ್ಪತ್ತು ವರ್ಷ!

ಹೊರದೇಶಗಳ ರೂಪವನ್ನೂ ಸೇರಿಸಿದರೆ ಮಾರಾಟವಾದದ್ದು ಎಷ್ಟು? ಉಸಿರು ಬಿಗಿಹಿಡಿಯಿರಿ. ಆರು ಕೋಟಿ ಹತ್ತೊಂಬತ್ತು ಲಕ್ಷ!

ನಿಮಗೂ ಇದಕ್ಕೂ ಸಂಬಂಧವಿಲ್ಲ ಅಂದುಕೊಂಡಿರಾ? ತೊಂಬತ್ತರ ದಶಕದಲ್ಲಿ ಉಫ್ ಉಫ್ ಎಂದು ಊದಿ ತುರುಕುತ್ತಿದ್ದ ಆ ಹಳದಿ ಕ್ಯಾಸೆಟ್ ನೆನಪಿದೆಯೇ? ಅದರ ತುದಿಯ ಲೋಹದ ಪಟ್ಟಿಗಳನ್ನು ಎಣಿಸಿ. ಅರವತ್ತು! ಫ್ಯಾಮಿಕಾಮ್‌ನದೂ ಅರವತ್ತು! ನಮ್ಮೂರ ಅಂಗಡಿಗಳ ಆ ಅಗ್ಗದ ಟಿವಿ ಗೇಮ್‌ಗಳು ಅದರದೇ ನಕಲು!

ಮತ್ತೆ ನಮ್ಮ ರಾಕ್ಷಸನಿಗೆ ಬರೋಣ. ಅಮೆರಿಕದ ರೂಪದಲ್ಲಿ ಮೈಕೇ ಇರಲಿಲ್ಲ! ಆದರೂ ಜೆಲ್ಡಾದ ಕೈಪಿಡಿ ಹೇಳಿತ್ತು: ಇವನಿಗೆ ಗದ್ದಲ ಕಂಡರಾಗದು ಅಂತ. ಪಾಪ, ಅಲ್ಲಿನ ಮಕ್ಕಳು ಆಟದೊಳಗಿನ ಕೊಳಲು ಊದಿ ಊದಿ ನೋಡಿದರು. ರಾಕ್ಷಸ ಜಪ್ಪಯ್ಯ ಅನ್ನಲಿಲ್ಲ!

ಜಪಾನಿನ ಆ ಕೊನೆಯ ಅವತಾರದಲ್ಲೂ ಮೈಕು ಮಾಯ. ಮೈ ನುಣುಪಾಯಿತು, ಬೆಲೆ ಇಳಿಯಿತು, ಕಿವಿ ಮಾತ್ರ ಹೋಯಿತು. ಈಗ ಎಷ್ಟಾದರೂ ಕೂಗಿ. ಕೇಳಿಸುವುದು ಪಕ್ಕದ ಮನೆಯವರಿಗಷ್ಟೇ!