ಪವಾಡದ ಹಿಂದಿನ ರೇಡಿಯೋ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಭದ್ರಾವತಿ ಆಕಾಶವಾಣಿಯನ್ನು ಕೇಳುವ ತಮಗೆ ರೇಡಿಯೋ ಒಂದು ಪವಾಡವೆಂದು ತೋರದು. ದೂರದಲ್ಲಿ ಯಾರೋ ಮಾತನಾಡುತ್ತಾರೆ, ತಂತಿಯ ಸಂಬಂಧವಿಲ್ಲದೆ ಮನೆಯಲ್ಲಿ ಕೇಳಿಸುತ್ತದೆ, ಅಷ್ಟೆ. ಇದೇ ಯಂತ್ರವನ್ನು ಕಡಲೆಕಾಯಿಯಷ್ಟು ಚಿಕ್ಕದು ಮಾಡಿ ಕಿವಿಯೊಳಗೆ ಬಚ್ಚಿಟ್ಟುಕೊಂಡರೆ ಏನಾಗುತ್ತದೆ? 2012ರಲ್ಲಿ ತೆರೆಕಂಡ ‘ರೆಡ್ ಲೈಟ್ಸ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಅದನ್ನು ನೋಡಬಹುದು.

ಸ್ಪೇನಿನ ರೋಡ್ರಿಗೊ ಕೊರ್ಟೆಸ್ ಇದರ ನಿರ್ದೇಶಕರು. ಸಿಗೋರ್ನಿ ವೀವರ್ ಮತ್ತು ಕಿಲಿಯನ್ ಮರ್ಫಿ ಕಪಟ ಪವಾಡಗಳನ್ನು ಬಯಲಿಗೆಳೆಯುವ ಸಂಶೋಧಕರಾದರೆ, ರಾಬರ್ಟ್ ಡಿ ನಿರೋ ಕುರುಡನಾದ ಸಿದ್ಧಪುರುಷ. ತುಂಬಿದ ಸಭೆಯಲ್ಲಿ ಅಪರಿಚಿತರ ಹೆಸರು, ರೋಗಗಳನ್ನು ಹೇಳುವ ಬೋಧಕನೊಬ್ಬ ಸಿಕ್ಕಿಬೀಳುವ ಸಂದರ್ಭ ಬಲು ಸೊಗಸಾಗಿದೆ.

ಇದು ಬರಿಯ ಕಟ್ಟುಕತೆಯಲ್ಲ. ಅಮೆರಿಕದ ಪೀಟರ್ ಪೊಪೊಫ್ ಎಂಬ ಬೋಧಕನ ಸಭೆಗೆ ಬಂದವರು ಮೊದಲೇ ಚೀಟಿಯಲ್ಲಿ ತಮ್ಮ ಕಷ್ಟಗಳನ್ನು ಬರೆದುಕೊಡುತ್ತಿದ್ದರು. ಆತನ ಹೆಂಡತಿ ಮರೆಯಲ್ಲಿ ಕುಳಿತು ಅವನ್ನೇ ಓದಿ ಹೇಳುತ್ತಿದ್ದಳು. ಜನ ದೇವವಾಣಿಯೆಂದು ನಂಬಿ ವೇದಿಕೆಗೆ ತಮ್ಮ ಔಷಧಿಗಳನ್ನೇ ಎಸೆದದ್ದುಂಟು! 1986ರಲ್ಲಿ ಜೇಮ್ಸ್ ರ್‍ಯಾಂಡಿ ಎಂಬ ಜಾದೂಗಾರರ ತಂಡ 39.17 ಮೆಗಾಹರ್ಟ್ಸ್‌ನಲ್ಲಿ ಆ ‘ದೇವವಾಣಿ’ಯನ್ನು ಹಿಡಿದು, ಟೆಲಿವಿಷನ್ನಿನಲ್ಲಿ ಎಲ್ಲರಿಗೂ ಕೇಳಿಸಿತು. ಮರುವರ್ಷ ಪೊಪೊಫ್‌ನ ಸಂಸ್ಥೆ ದಿವಾಳಿಯೆದ್ದಿತು.

ರೇಡಿಯೋ ಇಲ್ಲದೆಯೂ ಈ ಆಟ ನಡೆಯುತ್ತದೆ. ಬೀರೂರಿನಲ್ಲಿ ಒಬ್ಬಾತ ರೈಲು ಹತ್ತಿ ನಿಮ್ಮ ಪಕ್ಕದಲ್ಲಿ ಕುಳಿತನೆನ್ನಿ. ಮಗಳ ಮದುವೆ, ಅಡಿಕೆಯ ಧಾರಣೆ, ಮಂಡಿನೋವು, ಎಲ್ಲವನ್ನೂ ಕೇಳಿಕೊಂಡ. ತರೀಕೆರೆಯಲ್ಲಿ ಇಳಿದು ‘ಗುರು’ವಿಗೆ ವರದಿ ಒಪ್ಪಿಸಿದ. ಸಂಜೆ ನೀವು ಅಲ್ಲಿಗೇ ಹೋದರೆ, ಬಾಯಿ ತೆರೆಯುವ ಮುನ್ನವೇ ಮಂಡಿನೋವಿನ ಮಾತು ಬರುತ್ತದೆ!

ಇಂಥದನ್ನು ಪರೀಕ್ಷಿಸಲೆಂದೇ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಒಂದು ಸಮಿತಿಯನ್ನು ರಚಿಸಿದರು. ಪವಾಡವನ್ನು ಪರೀಕ್ಷಕರು ಗೊತ್ತುಮಾಡಿದ ನಿಬಂಧನೆಗಳಲ್ಲಿ ಮಾಡಿ ತೋರಿಸಬೇಕು, ಅವರು ಕೇಳಿದ್ದು ಇಷ್ಟೆ. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೂ ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ‘ನಂಬಿಕೆಗೆ ಪರೀಕ್ಷೆಯೆ?’ ಎಂದು ಗದ್ದಲವೇನೋ ಎದ್ದಿತು. ದುಡ್ಡು ಕೊಟ್ಟು ಕೊಳ್ಳುವ ಮಡಕೆಯನ್ನೂ ನಾವು ಬಡಿದು ನೋಡುವುದಿಲ್ಲವೆ?

ಚಿತ್ರ ಎಡವುವುದು ಇಲ್ಲಿಯೇ. ಕೊನೆಯನ್ನು ಹೇಳಿಬಿಡುತ್ತೇನೆ, ಕ್ಷಮಿಸಬೇಕು. ಸಿದ್ಧಪುರುಷನ ಕುರುಡು ಸುಳ್ಳೆಂದು ಬಯಲಾಗುತ್ತದೆ, ಸರಿಯೆ. ಆದರೆ ಪರೀಕ್ಷಕನಾದ ತರುಣನಿಗೇ ನಿಜವಾದ ಅತೀಂದ್ರಿಯ ಶಕ್ತಿಯುಂಟೆಂದು ಕತೆ ತಿರುಗುತ್ತದೆ! ಬೀಗ ತೆಗೆಯುವ ಬಗೆಯನ್ನು ಒಂದೂವರೆ ಗಂಟೆ ಕಲಿಸಿ, ಕಡೆಗೆ ಬಾಗಿಲು ಮಂತ್ರದಿಂದ ತೆರೆಯಿತೆಂದಂತಾಯಿತು. ನೋಡುವ ಮನಸ್ಸಿದ್ದರೆ, ಬೋಧಕನ ಕಿವಿಯ ರೇಡಿಯೋ ಸಿಕ್ಕುವವರೆಗೆ ನೋಡಿ ಎದ್ದುಬಿಡಿ.